ಎಳೆದ ಬಿಲ್ಲು, ಬಿಡದ ಬಾಣ

ಅಮೆರಿಕದ ಮಿಷಿಗನ್‌ನಲ್ಲಿ ಬಿಲ್ಲಿನ ಜಿಂಕೆ ಬೇಟೆ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ. ಬಂದೂಕಿನವರು ಕಾಡಿಗಿಳಿಯುವುದು ನವೆಂಬರ್ 15ಕ್ಕೆ. ಅದಕ್ಕೆ ಮುಂಚಿನ ಎರಡು ವಾರವೇ ನಮಗೆ ಸುಗ್ಗಿ. ಹೆಣ್ಣು ಜಿಂಕೆಗಳು ಬೆದೆಗೆ ಬರುವ ಕಾಲ ಅದು. ವರ್ಷವೆಲ್ಲ ಕಳ್ಳನ ಹಾಗೆ ಕತ್ತಲಲ್ಲಿ ತಿರುಗುವ ಗಂಡು ಆಗ ಹಾಡಹಗಲೇ ಮೂಗು ನೆಲಕ್ಕಿಟ್ಟುಕೊಂಡು ಓಡಾಡುತ್ತದೆ.

ನಮ್ಮ ತೀರ್ಥಹಳ್ಳಿ ಕಡೆ ಮರ ಹತ್ತಿ ಕಾಯುವ ಬೇಟೆಗೆ ಮರಸು ಅನ್ನುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಆ ಮಾತು ಕಥೆಗಳಲ್ಲಷ್ಟೇ ಉಳಿಯಿತು. ಅಜ್ಜನ ಮರಸಿನ ಕಥೆ ಕೇಳಿ ಬೆಳೆದ ನಾನು ಇಲ್ಲಿ ತರಬೇತಿ ಮುಗಿಸಿ, ಲೈಸೆನ್ಸ್ ತಗೊಂಡು, ಪರಿಚಯದ ರೈತರೊಬ್ಬರ ಜಮೀನಿನಲ್ಲಿ ಕೂರುತ್ತೇನೆ. ಅಜ್ಜನ ಅಟ್ಟಣೆ ಅಂದರೆ ನಾಲ್ಕು ಗಳ, ಒಂದಿಷ್ಟು ಸೊಪ್ಪು. ನನ್ನದು ಮರಕ್ಕೆ ಬೆಲ್ಟಿನಿಂದ ಬಿಗಿದ ಕಬ್ಬಿಣದ ಪುಟ್ಟ ಕುರ್ಚಿ, 18 ಅಡಿ ಎತ್ತರದಲ್ಲಿ. ನೆಲ ಬಿಡುವ ಮೊದಲೇ ಹಾರ್ನೆಸ್ಸನ್ನು, ಅಂದರೆ ಬೀಳದ ಹಾಗೆ ಮೈಗೆ ಕಟ್ಟಿಕೊಳ್ಳುವ ಪಟ್ಟಿಯನ್ನು, ಹಗ್ಗಕ್ಕೆ ಸಿಕ್ಕಿಸಬೇಕು. ಬಿಲ್ಲನ್ನು ಆಮೇಲೆ ಇನ್ನೊಂದು ಹಗ್ಗದಲ್ಲಿ ಮೇಲಕ್ಕೆ ಎಳೆದುಕೊಳ್ಳುವುದು. ಇದರಲ್ಲಿ ನಾನು ಯಾವತ್ತೂ ಉದಾಸೀನ ಮಾಡುವುದಿಲ್ಲ.

ಅವತ್ತು ಬೆಳಕು ಹರಿಯುವ ಮೊದಲೇ ಹತ್ತಿ ಕೂತಿದ್ದೆ. ಗಾಳಿ ನೋಡಲು ಮಿಲ್ಕ್‌ವೀಡ್ ಗಿಡದ ಅರಳೆ ಹಾರಿಬಿಟ್ಟೆ. ಇದು ನಮ್ಮ ಎಕ್ಕದ ಸಂಬಂಧಿ. ಕಾಯಿ ಒಡೆದರೆ ಅದೇ ರೇಷ್ಮೆಯಂಥ ಅರಳೆ, ಅದೇ ಬೀಜ. ಗಾಳಿ ನೋಡಲು ಪುಡಿ ಊದಿದರೆ ಅದು ಎರಡು ಮಾರು ದೂರದಲ್ಲೇ ಮಾಯ. ಅರಳೆಯಾದರೆ ಗಾಳಿ ಎಲ್ಲಿ ತಿರುಗುತ್ತದೆ, ಎಲ್ಲಿ ಕೆಳಗಿಳಿಯುತ್ತದೆ ಅಂತ ತುಂಬಾ ದೂರದವರೆಗೆ ತೋರಿಸುತ್ತದೆ. ಅದು ನನ್ನ ಬೆನ್ನ ಹಿಂದಿನ ಜೋಳದ ಹೊಲದ ಕಡೆ ತೇಲಿಹೋಯಿತು. ಜಿಂಕೆ ಬರುವ ದಾರಿ ಇರುವುದು ಮುಂದೆ. ನನ್ನ ವಾಸನೆ ಅದಕ್ಕೆ ಸಿಗುವುದಿಲ್ಲ, ಸರಿಯಾಗಿದೆ ಅಂದುಕೊಂಡೆ.

ಒಂದು ಗಂಟೆ ಅಳಿಲುಗಳದ್ದೇ ಕಾರುಬಾರು. ಒಣಗಿದ ಓಕ್ ಎಲೆಯ ಮೇಲೆ ಅಳಿಲು ಓಡಿದರೆ ದೊಡ್ಡ ಜಿಂಕೆ ಬಂದ ಹಾಗೇ ಕೇಳಿಸುತ್ತದೆ. ನಾಲ್ಕು ವರ್ಷವಾದರೂ ನಾನು ಪ್ರತಿಸಲ ಮೋಸ ಹೋಗುತ್ತೇನೆ. ಆಮೇಲೆ ಒಂದು ಹೆಣ್ಣು ಬಾಲ ಒಂದು ಪಕ್ಕಕ್ಕೆ ಮಾಡಿಕೊಂಡು ದುಡುದುಡು ಹೋಯಿತು. ಅದರ ಹಿಂದೆಯೇ ಹಂದಿಮರಿ ಗುಟುರು ಹಾಕಿದ ಹಾಗೆ ಸದ್ದು. ಗಂಡು! ಎಂಟು ಕವಲಿನ ಕೋಡು, ಬೆದೆಗಾಲದ ಊದಿದ ಕತ್ತು.

ನಾನು ಕಡಿದು ತೆರವು ಮಾಡಿಟ್ಟ ಸಂದಿಗೆ ಅದು ಬರಲು ಇನ್ನೂ ಹತ್ತು ಹೆಜ್ಜೆ ಇತ್ತು. ನಡುವೆ ಒಂದು ದಪ್ಪ ಓಕ್ ಮರ. ತಲೆ ಆ ಮರದ ಮರೆಗೆ ಹೋದಾಗ ಹೆದೆ ಎಳೆಯಬೇಕು ಅಂತ ಗೊತ್ತಿತ್ತು. ಕೈ ಕೇಳಲಿಲ್ಲ. ಮೊದಲೇ ಎಳೆದುಬಿಟ್ಟೆ. ಗಂಡು ಮರದ ಹಿಂದೆ ಹೋಯಿತು, ಅಲ್ಲೇ ನಿಂತಿತು. ನಿಂತು ಒಂದು ಎಳೇ ಗಿಡಕ್ಕೆ ಕೋಡು ಉಜ್ಜತೊಡಗಿತು. ಗಿಡ ಅಲ್ಲಾಡುವುದು ಕಾಣುತ್ತಿದೆ, ಎದೆ ಕಾಣುತ್ತಿಲ್ಲ.

ನನ್ನ ಬಿಲ್ಲು 55 ಪೌಂಡಿನದು, ಅಂದರೆ ಹೆದೆ ಎಳೆಯಲು ಅಷ್ಟು ಬಲ ಬೇಕು. ತುದಿಗಳಲ್ಲಿ ಗಾಲಿ ಇರುವ ಕಾಂಪೌಂಡ್ ಬಿಲ್ಲಾದ್ದರಿಂದ ಪೂರ್ತಿ ಎಳೆದಮೇಲೆ ಗಾಲಿಗಳು ಶೇಕಡಾ 80ರಷ್ಟು ಭಾರ ಹೊರುತ್ತವೆ. ಕೈಗೆ ಉಳಿಯುವುದು 11 ಪೌಂಡ್, ಅಂದರೆ ಐದು ಕಿಲೋ. ಐದು ಕಿಲೋ ಅಕ್ಕಿ ಚೀಲವನ್ನು ತೋಳು ಮಡಚಿ ಗಲ್ಲದ ಪಕ್ಕ ಎಳೆದು ಹಿಡಿದು ನೋಡಿ. ಒಂದು ನಿಮಿಷಕ್ಕೆ ಭುಜ ಉರಿಯಿತು. ಗುರಿಯ ಹಸಿರು ಚುಕ್ಕೆ ಮರದ ಮೇಲೆ ನೊಣದ ಹಾಗೆ ಕುಣಿಯತೊಡಗಿತು. ಕೊನೆಗೆ ಹೆದೆ ಇಳಿಸಿದೆ. ಇಳಿಸುವಾಗ ಬಿಲ್ಲು ಕೈಯನ್ನು ಜಗ್ಗುತ್ತದೆ. ದಪ್ಪ ಜಾಕೆಟ್ಟಿನ ತೋಳಿಗೆ ಹೆದೆ ತಾಗಿತು, ಬಾಣ ಬಿಲ್ಲಿಗೆ ಬಡಿದು ಟಿಕ್ ಅಂತು. ಅಷ್ಟೇ.

ಅದೇ ಕ್ಷಣ ಗಂಡು ಎರಡು ಹೆಜ್ಜೆ ಇಟ್ಟು ಸಂದಿಗೆ ಬಂತು. 22 ಗಜ, ಪೂರ್ತಿ ಅಡ್ಡಲಾಗಿ, ತಲೆ ಎತ್ತಿ ನನ್ನನ್ನೇ ನೋಡುತ್ತಾ. ಮುಂಗಾಲಿನಿಂದ ನೆಲ ತಟ್ಟಿತು. ಇನ್ನೊಂದು ಸಲ ತಟ್ಟಿತು. ಇನ್ನು ಎಳೆದರೂ ಪ್ರಯೋಜನವಿಲ್ಲ. ಎಚ್ಚೆತ್ತ ಜಿಂಕೆ ಹೆದೆಯ ಸದ್ದಿಗೇ ಕುಗ್ಗಿ ನೆಗೆಯುತ್ತದೆ, ಸದ್ದು ಬಾಣಕ್ಕಿಂತ ಸುಮಾರು ನಾಲ್ಕು ಪಟ್ಟು ಬೇಗ ತಲುಪುತ್ತದೆ. ಗಾಯವಾಗಿ ಓಡಿದ ಜಿಂಕೆ ಹುಡುಕುವುದು ನನಗೆ ಬೇಡ. ಜೋರಾಗಿ ಸೀನಿದ ಹಾಗೆ ಒಂದು ಸದ್ದು, ಬಾಲದ ಬಿಳಿ ಬಾವುಟ, ಆಮೇಲೆ ಬರೀ ಅಳಿಲು.

ಇಡೀ ಬೇಸಿಗೆ ದಿನಾ ಇಪ್ಪತ್ತು ಬಾಣ ಬಿಟ್ಟಿದ್ದೆ ಸ್ವಾಮಿ. ಆದರೆ ಟೀ ಶರ್ಟ್ ಹಾಕಿಕೊಂಡು, ಹುಲ್ಲಿನ ಮೇಲೆ ನಿಂತು, ಎಳೆದ ಐದು ಸೆಕೆಂಡಿಗೇ ಬಿಟ್ಟು. ಈಗ ಅದೇ ಜಾಕೆಟ್ ಹಾಕಿ, ಸ್ಟೂಲ್ ಮೇಲೆ ಕೂತು, ಅರವತ್ತು ಎಣಿಸಿ ಬಿಡುತ್ತೇನೆ. ಕೆಲವು ಸಲ ಬಿಡದೆ ಇಳಿಸುತ್ತೇನೆ. ಸದ್ದಿಲ್ಲದೆ ಇಳಿಸುವುದೇ ಜಾಸ್ತಿ ಕಷ್ಟ. ಜಾಕೆಟ್ಟು ಹೆದೆಗೆ ತಾಗದ ಹಾಗೆ ಎಡ ತೋಳಿಗೆ ಒಂದು ಪಟ್ಟಿಯನ್ನೂ ಕಟ್ಟುತ್ತೇನೆ.

ಅವತ್ತು ಮರದಿಂದಿಳಿದು ಊರಿಗೆ ಫೋನ್ ಮಾಡಿದೆ. ಅಪ್ಪಯ್ಯ ಕೇಳಿದರು, "ಗಾಳಿ ನೋಡಿದ್ಯಾ?"

"ನೋಡಿದ್ದೆ."

"ಮತ್ತೆ?"

"ಮೊದಲೇ ಎಳೆದುಬಿಟ್ಟೆ ಅಪ್ಪಯ್ಯ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ನಿಮ್ಮಜ್ಜನೂ ಹಂಗೇ," ಅಂದರು. "ಕಥೆ ಹೇಳುವಾಗ ಅದನ್ನ ಬಿಟ್ಟು ಹೇಳ್ತಿದ್ರು."