ರಾತ್ರಿಯಿಡೀ ಬಿಟ್ಟ ಆ ಫ್ಲಾಸ್ಕ್

ಮೆಥನಾಲ್‌ನಿಂದ ವಿದ್ಯುತ್ ಮಾಡುವ ಫ್ಯೂಯೆಲ್ ಸೆಲ್‌ಗೆಂದು ನಾನು ಮಾಡಿದ ಮೊದಲ ಮೆಂಬ್ರೇನ್, ಅಂದರೆ ತೆಳು ಪಾಲಿಮರ್ ಹಾಳೆ, ನೋಡಲು ತುಂಬಾ ಚೆನ್ನಾಗಿತ್ತು. ತಿಳಿ ಜೇನಿನ ಬಣ್ಣ, ಮುಟ್ಟಿದರೆ ನುಣುಪು. 2 ಮೋಲಾರ್ ಮೆಥನಾಲ್ ದ್ರಾವಣದಲ್ಲಿ ಮುಳುಗಿಸಿ 70 ಡಿಗ್ರಿಗೆ ಬಿಸಿ ಮಾಡಿದೆ. ಅರ್ಧ ಗಂಟೆಗೆಲ್ಲ ಊದಿಕೊಂಡಿತು. ಚಿಮಟದಲ್ಲಿ ಎತ್ತಲು ಹೋದರೆ ನೆನೆದ ಹಪ್ಪಳದ ಹಾಗೆ ಹರಿದು ಬಂತು. ಮೂರು ವಾರದ ಕೆಲಸ ಅದು.

ಮೆಥನಾಲ್ ಫ್ಯೂಯೆಲ್ ಸೆಲ್‌ನಲ್ಲಿ ಈ ಹಾಳೆ ಪ್ರೋಟಾನನ್ನು ಮಾತ್ರ ಆಚೆ ಬಿಡಬೇಕು. ಆದರೆ ಮೆಥನಾಲ್ ನೀರಿನ ಜೊತೆ ಸುಲಭವಾಗಿ ಬೆರೆಯುತ್ತದೆ, ನೀರು ಹೋದ ದಾರಿಯಲ್ಲೇ ಅದೂ ನುಸುಳುತ್ತದೆ. ಆಚೆ ಬದಿಯ ವಿದ್ಯುದ್ವಾರವಾದ ಕ್ಯಾಥೋಡ್‌ನ ಪ್ಲಾಟಿನಂ ಮೇಲೆ ಸುಮ್ನೆ ಉರಿದುಹೋಗುತ್ತದೆ. ಇಂಧನವೂ ನಷ್ಟ, ವೋಲ್ಟೇಜೂ ನಷ್ಟ. ಲೆಕ್ಕದ ಪ್ರಕಾರ 1.21 ವೋಲ್ಟ್ ಬರಬೇಕು. ಮಾರುಕಟ್ಟೆಯಲ್ಲಿ ಸಿಗುವ ನಾಫಿಯಾನ್ 117 ಎಂಬ ಮೆಂಬ್ರೇನ್ ಹಾಕಿದ ನನ್ನ ಸೆಲ್‌ನಲ್ಲಿ ಲೋಡ್ ಇಲ್ಲದೆಯೇ 0.65 ಸಿಕ್ಕಿತು. ನಾಫಿಯಾನ್‌ನ ಬೆಲೆಯೂ ಜಾಸ್ತಿ. ಹಾಗಾಗಿ ಪೀಕ್ ಎಂಬ ಗಟ್ಟಿ ಪ್ಲಾಸ್ಟಿಕ್‌ಗೆ ಪ್ರೋಟಾನ್ ಸಾಗಿಸುವ ಸಲ್ಫೋನಿಕ್ ಗುಂಪು ಸೇರಿಸಿ, ಸ್ಪೀಕ್ (ಸಲ್ಫೋನೇಟೆಡ್ ಪೀಕ್) ಮಾಡಲು ಹೊರಟೆ.

ತಪ್ಪಾಗಿದ್ದು ಮೊದಲ ಹೆಜ್ಜೆಯಲ್ಲೇ. ಪೀಕ್ ಪುಡಿಯನ್ನು ಗಾಢ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ, 50 ಡಿಗ್ರಿಯಲ್ಲಿ ರಾತ್ರಿಯಿಡೀ ತಿರುಗಲು ಬಿಟ್ಟಿದ್ದೆ. ಸಲ್ಫೋನಿಕ್ ಗುಂಪು ಜಾಸ್ತಿಯಾದಷ್ಟೂ ಪ್ರೋಟಾನ್ ಚೆನ್ನಾಗಿ ಓಡುತ್ತದೆ, ಅದು ನಿಜ. ಆದರೆ ಹಾಳೆ ನೀರನ್ನೂ ಅಷ್ಟೇ ಹೀರುತ್ತದೆ. ಮಿತಿ ದಾಟಿದರೆ ಬಿಸಿ ನೀರಲ್ಲಿ ಕರಗಿಯೇ ಹೋಗುತ್ತದೆ.

ಎರಡನೇ ಸಲ ಅರ್ಧ ಗಂಟೆಗೊಮ್ಮೆ ಸ್ವಲ್ಪ ತೆಗೆದು ನೋಡಿದೆ. ತೆಗೆದ ಮಾದರಿಯನ್ನು ತೊಳೆದು ಒಣಗಿಸಿ, ಉಪ್ಪಿನ ದ್ರಾವಣದಲ್ಲಿ ಒಂದು ದಿನ ನೆನೆಸಿ, ಹೊರಬಂದ ಆಮ್ಲವನ್ನು ಕಾಸ್ಟಿಕ್ ಸೋಡಾದಿಂದ ಟೈಟ್ರೇಟ್ ಮಾಡಿ ಅಳೆದೆ; ಎಷ್ಟು ಸಲ್ಫೋನಿಕ್ ಗುಂಪು ಸೇರಿದೆ ಅಂತ ಇದರಿಂದ ಗೊತ್ತಾಗುತ್ತದೆ. ನಾಲ್ಕೂವರೆ ಗಂಟೆಯ ಮಾದರಿಯಲ್ಲಿ ಗ್ರಾಂಗೆ 1.7 ಮಿಲಿ ಈಕ್ವಿವಲೆಂಟ್ ಬಂತು. ಮುಂದಿನ ಬ್ಯಾಚನ್ನು ಅಲ್ಲಿಗೇ ನಿಲ್ಲಿಸಿದೆ.

ನಿಲ್ಲಿಸುವುದು ಅಂದರೆ ಮಂಜುಗಡ್ಡೆ ಹಾಕಿದ ನೀರಿಗೆ ಸುರಿಯುವುದು. ಇಲ್ಲಿ ಆತುರ ಬೇಡ. ಸಣ್ಣ ಧಾರೆಯಲ್ಲಿ ಬಿಟ್ಟರೆ ಪಾಲಿಮರ್ ಶಾವಿಗೆಯಂತೆ ಬಿಳಿ ಎಳೆಯಾಗಿ ಇಳಿಯುತ್ತದೆ. ದಪ್ಪಗೆ ಸುರಿದರೆ ಉಂಡೆ ಕಟ್ಟಿ, ಆಮ್ಲ ಒಳಗೇ ಉಳಿಯುತ್ತದೆ, ಎಷ್ಟು ತೊಳೆದರೂ ಪಿಎಚ್ ಏರುವುದಿಲ್ಲ. ಎಳೆಯಾಗಿ ಬಿಟ್ಟಾಗಲೂ ನನಗೆ ಎರಡು ದಿನ ಹಿಡಿಯಿತು.

ಒಣಗಿದ ಎಳೆಗಳನ್ನು ಡೈಮೀಥೈಲ್ ಅಸಿಟಮೈಡ್‌ನಲ್ಲಿ ಕರಗಿಸಿ, ಸೋಸಿ, ಗಾಜಿನ ತಟ್ಟೆಗೆ ಹೊಯ್ದೆ. ಒಂದು ಅಂಚು 40 ಮೈಕ್ರಾನ್, ಇನ್ನೊಂದು 95! ಓವನ್ನಿನ ಒಳಗಿನ ಹಲಗೆ ಓರೆಯಾಗಿತ್ತು. ಗಾರೆಯವರು ಬಳಸುವ ಮಟ್ಟಗೋಲು ತಂದು ಕಾಗದದ ಚೂರು ಕೊಟ್ಟು ಸರಿ ಮಾಡಿದ ಮೇಲೆ ದಪ್ಪ ಒಂದೇ ಸಮ ಬಂತು. 60 ಡಿಗ್ರಿಯಲ್ಲಿ ನಿಧಾನವಾಗಿ ಒಣಗಿಸಿ, ತಟ್ಟೆಯನ್ನು ನೀರಿನಲ್ಲಿಟ್ಟರೆ ಹಾಳೆ ತಾನಾಗಿಯೇ ಎದ್ದು ಬರುತ್ತದೆ. ಎಳೆಯಬಾರದು. ಆಮೇಲೆ ಒಂದು ದಿನ ದುರ್ಬಲ ಸಲ್ಫ್ಯೂರಿಕ್ ಆಮ್ಲ, ಮತ್ತೆ ನೀರು.

ಸೆಲ್‌ನಲ್ಲಿ ಲೋಡ್ ಇಲ್ಲದೆ 0.73 ವೋಲ್ಟ್ ಬಂದಾಗ ಮೀಟರ್ ತಂತಿ ಬಿಚ್ಚಿ ಮತ್ತೆ ಜೋಡಿಸಿ ನೋಡಿದೆ. ಅದೇ ಅಂಕಿ. ಪ್ರೋಟಾನ್ ವಾಹಕತೆ ನಾಫಿಯಾನ್‌ಗಿಂತ ಕಡಿಮೆಯೇ, ಆದರೆ ಹಾಳೆ ತೆಳುವಾದ್ದರಿಂದ ಒಟ್ಟು ರೋಧ ಅಷ್ಟೇನೂ ಏರಲಿಲ್ಲ.

ಕೆಲವು ದಿನ ಓಡಿದ ಮೇಲೆ ಹಾಳೆಗೆ ಅಂಟಿಸಿದ ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಪದರ ಅಂಚಿನಲ್ಲಿ ಬಿಡಿಸಿಕೊಳ್ಳಲು ಶುರುವಾಯಿತು. ಅದರ ಅಂಟು ನಾಫಿಯಾನ್‌ದು, ಹಾಳೆ ಸ್ಪೀಕ್‌ನದು. ಎರಡೂ ಒಂದೇ ಅಳತೆಗೆ ಊದುವುದಿಲ್ಲ ಅಲ್ವಾ? ಈಗ ಅಂಟಿಗೂ ಸ್ಪೀಕನ್ನೇ ಬೆರೆಸಿ ನೋಡುತ್ತಿದ್ದೇನೆ.