ತೋಟದ ನೆರಳಲ್ಲಿ ಮುಖದ ಬೆಳಕು ಅಳೆಯುವುದು ಹೇಗೆ?

ನೂರು ಅಡಿಯ 16 ಎಂಎಂ ರೋಲು. ಅಡಿಗೆ 40 ಫ್ರೇಮಿನಂತೆ ಒಟ್ಟು 4,000 ಫ್ರೇಮು. ಸೆಕೆಂಡಿಗೆ 24ರ ವೇಗದಲ್ಲಿ ಓಡಿಸಿದರೆ ಎರಡು ಮುಕ್ಕಾಲು ನಿಮಿಷಕ್ಕೆ ಖಾಲಿ. ಅಂಥ ಮೊದಲ ರೋಲನ್ನು ನಾನು ಓಡಿಸಿದ್ದು ಸಾಗರದ ಕಡೆಯ ಅಡಿಕೆ ತೋಟವೊಂದರಲ್ಲಿ, ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಇಳಿಸುವ ದಿನ. ತೊಳೆದು ಬಂದಾಗ ಮೋಡದ ಒಂದೊಂದು ಮಡಿಕೆಯೂ ಕಾಣುತ್ತಿತ್ತು. ಮರ ಹತ್ತಿ ಗೊನೆ ಕೊಯ್ಯುತ್ತಿದ್ದ ಕೊನೆಗೌಡರ ಮುಖ ಮಾತ್ರ ಮಸಿ. ಕೆಳಗೆ ಹಗ್ಗ ಹಿಡಿದು ನಿಂತವರದೂ ಅಷ್ಟೆ. ಬೆಳಕು ಅಳೆಯುವ ಮೀಟರು ಸರಿಯಾಗಿತ್ತು, ನಾನು ಅದನ್ನು ಅಂಗಳದಲ್ಲಿ ಹಿಡಿದು ಓದಿ, ಅದೇ ಅಂಕಿಯನ್ನು ತೋಟಕ್ಕೂ ಇಟ್ಟಿದ್ದೆ. ಮರುವರ್ಷ ಆ ಹಿರಿಯರು ಮರ ಹತ್ತುವುದನ್ನೇ ಬಿಟ್ಟರು. ಒಂದು ಮರದ ತಲೆಯಿಂದ ಇನ್ನೊಂದಕ್ಕೆ ಅವರು ತೂಗಿಕೊಂಡು ದಾಟುತ್ತಿದ್ದ ರೀತಿ ನನ್ನ ನೆಗೆಟಿವ್‌ನಲ್ಲಿ ಇಲ್ಲ.

ಹೆಗ್ಗೋಡಿನ ನೀನಾಸಂ 1973ರಲ್ಲಿ ಚಿತ್ರಸಮಾಜ ಶುರು ಮಾಡಿದ ಮೇಲೆ ಒಳ್ಳೆಯ ಸಿನಿಮಾ ನೋಡುವ ರೂಢಿ ನಮ್ಮ ಸೀಮೆಗೆ ಬಂತು. ಈಗ ಹಳೆಯ ಫಿಲ್ಮ್ ಕ್ಯಾಮೆರಾ ಕೈಗೆತ್ತಿಕೊಳ್ಳುವ ಹುಡುಗ ಹುಡುಗಿಯರೂ ಸಿಗುತ್ತಾರೆ. ಅವರು ಕೇಳುವ ಪ್ರಶ್ನೆಗಳು ಮೂರು: ಯಾವ ಫಿಲ್ಮು, ಯಾವ ಲೆನ್ಸು, ಎಷ್ಟು ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ ಎಷ್ಟು ಅಗಲ. ಮೊದಲೆರಡನ್ನು ಬೇಗ ಹೇಳಿ ಮುಗಿಸುತ್ತೇನೆ. ಮಲೆನಾಡಿನಲ್ಲಿ ಕೈಕೊಡುವುದು ಮೂರನೆಯದು.

ಫಿಲ್ಮಿನ ಆಯ್ಕೆ

ಕೊಡಾಕ್‌ನ ವಿಷನ್3 ಕಲರ್ ನೆಗೆಟಿವ್‌ನಲ್ಲಿ 50ಡಿ, 250ಡಿ, 200ಟಿ, 500ಟಿ ಎಂಬ ಬಗೆಗಳಿವೆ. ಅಂಕಿ ಫಿಲ್ಮಿನ ವೇಗ. ಅದು ಇಮ್ಮಡಿಯಾದರೆ ಒಂದು ಸ್ಟಾಪ್ ಕಡಿಮೆ, ಅಂದರೆ ಅರ್ಧದಷ್ಟು ಬೆಳಕು ಸಾಕು. ಕೆಲ್ವಿನ್ ಬೆಳಕಿನ ಬಣ್ಣದ ಅಳತೆ. ಡಿ ಎಂದರೆ 5500 ಕೆಲ್ವಿನ್‌ನ ಹಗಲು ಬೆಳಕಿಗೆ ಹೊಂದಿಸಿದ್ದು, ಟಿ ಎಂದರೆ 3200 ಕೆಲ್ವಿನ್‌ನ ಟಂಗ್‌ಸ್ಟನ್ ದೀಪಕ್ಕೆ.

ತೋಟ, ಜಗಲಿ, ಮೋಡದ ದಿನ: ಇವಕ್ಕೆ 250ಡಿ ತೆಗೆದುಕೊಳ್ಳಿ. 50ಡಿ ನುಣುಪಾದ ಫಿಲ್ಮು, ಆದರೆ ಅದಕ್ಕೆ ತೆರೆದ ಬಿಸಿಲು ಬೇಕು. ಜನವರಿಯಲ್ಲಿ ಕೊಡಚಾದ್ರಿಯ ಹುಲ್ಲುಬೋಳು, ಶರಾವತಿ ಹಿನ್ನೀರಿನ ದಂಡೆ, ಅಂಥ ಕಡೆ. ಸುಡುಬಿಸಿಲಿನಲ್ಲಿ ಅದರ ಲೆಕ್ಕ ಸುಲಭ: 24 ಫ್ರೇಮಿಗೆ, 180 ಡಿಗ್ರಿ ಷಟರಿಗೆ (ಪ್ರತಿ ಫ್ರೇಮಿನ ಅರ್ಧ ಹೊತ್ತು ತೆರೆದಿರುವ, ತಿರುಗುವ ಮರೆಗೆ) ಎಕ್ಸ್‌ಪೋಷರ್ 1/48 ಸೆಕೆಂಡ್, ಅಪರ್ಚರ್ ಎಫ್/16. ಎಫ್ ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು; 4, 5.6, 8, 11, 16, 22 ಎಂಬ ಮೆಟ್ಟಿಲುಗಳಲ್ಲಿ ಒಂದೊಂದೂ ಒಂದು ಸ್ಟಾಪ್. ರಾತ್ರಿಯ ಕೆಲಸಕ್ಕೆ 500ಟಿ. ಒಂದೇ ಬಗೆ ಕೊಳ್ಳುವಷ್ಟು ದುಡ್ಡಿದ್ದರೆ 500ಟಿ ತನ್ನಿ. ಹಗಲಿನಲ್ಲಿ 85 ನಂಬರಿನ ಕಿತ್ತಳೆ ಫಿಲ್ಟರ್ ಹಾಕಿ 320ರ ಫಿಲ್ಮ್ ಎಂದು ಬಳಸಬಹುದು. ಬಿಸಿಲಿಗೆ ಎನ್‌ಡಿ ಫಿಲ್ಟರ್ (ಬಣ್ಣ ಬದಲಿಸದೆ ಬೆಳಕು ತಗ್ಗಿಸುವ ಗಾಜು) ಕೂಡ ಇರಲಿ: 0.3 ಒಂದು ಸ್ಟಾಪ್, 0.6 ಎರಡು, 0.9 ಮೂರು. ಬೆಳಕು ಹೆಚ್ಚಾಯಿತೆಂದು ಅಪರ್ಚರನ್ನೇ ಎಫ್/22ರ ತನಕ ಮುಚ್ಚಬೇಡಿ. 16 ಎಂಎಂನ ಪುಟ್ಟ ಫ್ರೇಮಿನಲ್ಲಿ ಅಷ್ಟು ಸಣ್ಣ ಕಿಂಡಿಯಿಂದ ಚಿತ್ರ ಮೆತ್ತಗಾಗುತ್ತದೆ.

ಕಲರ್ ನೆಗೆಟಿವ್ ಹೆಚ್ಚು ಬೆಳಕನ್ನು ತಾಳಿಕೊಳ್ಳುತ್ತದೆ, ಕಡಿಮೆ ಬೆಳಕನ್ನು ತಾಳುವುದಿಲ್ಲ. ಬೆಳಕು ಬೀಳದ ಕಡೆ ಫಿಲ್ಮಿನ ಕಾಳು (ಗ್ರೇನ್) ಎದ್ದು ಕಪ್ಪು ಬೂದಿಯಾಗುತ್ತದೆ, ಮತ್ತೆ ಎಳೆದು ತರಲು ಅಲ್ಲಿ ಏನೂ ಇರುವುದಿಲ್ಲ. ಅದಕ್ಕೇ ನಾನು 250ಡಿಯನ್ನು ಮೀಟರಿನಲ್ಲಿ 200 ಎಂದು ಇಡುತ್ತೇನೆ. ಒಂದು ಸ್ಟಾಪಿನ ಮೂರನೆಯ ಒಂದು ಪಾಲು ಹೆಚ್ಚು ಬೆಳಕು, ಅದು ಉಳಿತಾಯದ ಗಂಟು. ಡಿಜಿಟಲ್ ಕ್ಯಾಮೆರಾದವರು ಇದನ್ನು ತಿರುಗಿಸಿಕೊಳ್ಳಬೇಕು: ಅಲ್ಲಿ ಬಿಳಿ ಒಮ್ಮೆ ಸುಟ್ಟರೆ ವಾಪಸು ಬರದು.

ಫಿಲ್ಮನ್ನು ಫ್ರಿಜ್ಜಿನಲ್ಲಿಟ್ಟಿದ್ದರೆ ಹಿಂದಿನ ರಾತ್ರಿಯೇ ಹೊರಗೆ ತೆಗೆಯಿರಿ, ಡಬ್ಬಿ ಬಿಚ್ಚಬೇಡಿ. ನಮ್ಮ ಮಳೆಗಾಲದ ಗಾಳಿಗೆ ತಣ್ಣಗಿನ ಫಿಲ್ಮು ಸೋಕಿದರೆ ಕ್ಷಣದಲ್ಲಿ ಬೆವರುತ್ತದೆ. ಲೆನ್ಸಿಗೆ ಬೂಷ್ಟು ಬರುವುದೂ ಇದೇ ತೇವದಿಂದ. ಬೆಚ್ಚಗಿರಲಿ ಎಂದು ಒಲೆಯ ಮೇಲಿನ ಅಟ್ಟದಲ್ಲಿ ಇಡುವವರಿದ್ದಾರೆ. ಹೊಗೆಯ ಜಿಡ್ಡು ಗಾಜಿಗೆ ಹಿಡಿಯುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಅಷ್ಟೇ ಸಾಕು.

ಲೆನ್ಸು

16 ಎಂಎಂನಲ್ಲಿ 25 ಎಂಎಂ ಲೆನ್ಸು ಸಾಮಾನ್ಯ ನೋಟದ್ದು, 10 ಅಗಲ ನೋಟದ್ದು, 50 ಮತ್ತು 75 ದೂರದ್ದು. ಹಳೆಯ ಕ್ಯಾಮೆರಾದೊಂದಿಗೆ 12ರಿಂದ 120 ಎಂಎಂನ ಆಂಜೆನ್ಯೂ ಜೂಮ್ ಸಿಕ್ಕರೆ ಅದೊಂದೇ ಸಾಕೆನಿಸುತ್ತದೆ. ಹಗಲಿಗೆ ಸಾಕು. ಆದರೆ ಅದರ ಕಿಂಡಿ ಎಫ್/2.2ಕ್ಕಿಂತ ಅಗಲವಾಗದು, ಮತ್ತು ಒಳಗಿನ ಅಷ್ಟೊಂದು ಗಾಜು ದಾರಿಯಲ್ಲೇ ಒಂದಿಷ್ಟು ಬೆಳಕನ್ನು ನುಂಗುತ್ತದೆ. ಲೆನ್ಸಿನ ಮೇಲೆ ಎಫ್ ಜತೆಗೆ ಟಿ ಅಂಕಿಯೂ ಇದ್ದರೆ ಮೀಟರಿನ ಓದನ್ನು ಟಿ ಅಂಕಿಗೇ ಇಡಿ. ಎಫ್ ಎನ್ನುವುದು ಕಿಂಡಿಯ ಅಳತೆ, ಟಿ ಎನ್ನುವುದು ನಿಜವಾಗಿ ಫಿಲ್ಮಿಗೆ ತಲುಪುವ ಬೆಳಕಿನದು. ಜೂಮ್‌ನಲ್ಲಿ ಫೋಕಸ್ ಮಾಡುವಾಗ ಪೂರ್ತಿ ಹತ್ತಿರಕ್ಕೆ ಎಳೆದು, ಕಣ್ಣಿನ ರೆಪ್ಪೆ ಚೂಪಾದ ಮೇಲೆ ಹಿಂದಕ್ಕೆ ಬನ್ನಿ.

ಅಡಿಕೆ ಮರಗಳ ಸಾಲು ಒತ್ತೊತ್ತಾಗಿ ಗೋಡೆಯಂತೆ ಕಾಣಬೇಕೆಂದರೆ ದೂರ ಹೋಗಿ 75ರಲ್ಲಿ ತೆಗೆಯಿರಿ. ಸಾಲಿನ ನಡುವೆ ಹೊಕ್ಕಂತೆ ಕಾಣಬೇಕೆಂದರೆ ಹತ್ತಿರ ನಿಂತು 10ರಲ್ಲಿ. ಮರ ಮರಗಳ ನಡುವಿನ ಅಂತರವನ್ನು ಬದಲಿಸುವುದು ನೀವು ನಿಂತ ಜಾಗ. ಲೆನ್ಸು ಆ ನೋಟವನ್ನು ಕತ್ತರಿಸಿಕೊಡುತ್ತದೆ, ಅಷ್ಟೆ. ಆದ್ದರಿಂದ ಮೊದಲು ಕಾಲಿನಲ್ಲಿ ಜಾಗ ಹುಡುಕಿ, ಆಮೇಲೆ ಲೆನ್ಸು ಹಾಕಿ.

ಮೀಟರನ್ನು ಎಲ್ಲಿ ಹಿಡಿಯಬೇಕು

ಬೆಳಕು ಅಳೆಯಲು ಎರಡು ದಾರಿ. ವಸ್ತುವಿನ ಮೇಲೆ ಬೀಳುವ ಬೆಳಕನ್ನು ಅಳೆಯುವುದು ಒಂದು. ಬಿಳಿ ಗುಮ್ಮಟವಿರುವ ಮೀಟರು ಅದಕ್ಕೆ. ವಸ್ತುವಿನಿಂದ ತಿರುಗಿ ಬರುವ ಬೆಳಕನ್ನು ಅಳೆಯುವುದು ಇನ್ನೊಂದು. ಒಂದು ಡಿಗ್ರಿಯಷ್ಟು ಕಿರಿದಾಗಿ ನೋಡುವ ಸ್ಪಾಟ್ ಮೀಟರು, ಕ್ಯಾಮೆರಾದೊಳಗಿನ ಮೀಟರು, ಮೊಬೈಲಿನ ಹೆಚ್ಚಿನ ಆ್ಯಪ್‌ಗಳು ಎಲ್ಲ ಈ ಜಾತಿ. ಎರಡನೆಯ ಜಾತಿಗೆ ಒಂದು ಹಟವಿದೆ: ತಾನು ಕಂಡದ್ದೆಲ್ಲ 18 ಶೇಕಡಾ ಬೆಳಕು ಹಿಂದಿರುಗಿಸುವ ನಡುಬೂದಿ ಬಣ್ಣದ್ದು ಎಂದೇ ಅದು ನಂಬುತ್ತದೆ. ಜೋಗದಲ್ಲಿ ರಾಜಾ ಜಲಪಾತದ ಬಿಳಿ ನೀರಿಗೆ ಹಿಡಿದರೆ ಆ ನೀರನ್ನೂ ಬೂದಿ ಮಾಡುವ ಅಂಕಿ ಕೊಡುತ್ತದೆ. ನೀರು ಬಿಳಿಯಾಗಿ ಬರಬೇಕಾದರೆ ಅದು ಹೇಳಿದ್ದಕ್ಕಿಂತ ಎರಡು ಸ್ಟಾಪ್ ತೆರೆಯಬೇಕು. ಹಿಂದಿನ ಒದ್ದೆ ಕಪ್ಪು ಬಂಡೆಗೆ ಹಿಡಿದರೆ ಇದೇ ತಪ್ಪು ತಿರುಗುಮುರುಗು.

ತೋಟದಲ್ಲಿ ಮುಖ ತೆಗೆಯುವಾಗ ಗುಮ್ಮಟದ ಮೀಟರನ್ನೇ ನಂಬಿ. ಮೊದಲು ಮೀಟರಿಗೆ ಫಿಲ್ಮಿನ ವೇಗ ಮತ್ತು ಷಟರ್ ಹೇಳಿ. ಬೋಲೆಕ್ಸ್ ರಿಫ್ಲೆಕ್ಸ್ ಕ್ಯಾಮೆರಾ ಇದ್ದವರು ಇಲ್ಲಿ ಎಚ್ಚರ: ಅದರ ಷಟರ್ ಕಿಂಡಿ 180 ಡಿಗ್ರಿಗಿಂತ ಕಿರಿದು, ಜತೆಗೆ ಒಳಗಿನ ಪ್ರಿಸಂ ಸ್ವಲ್ಪ ಬೆಳಕನ್ನು ನಿಮ್ಮ ಕಣ್ಣಿನ ಕಡೆಗೆ ತಿರುಗಿಸುತ್ತದೆ. ಎರಡೂ ಸೇರಿ 24 ಫ್ರೇಮಿಗೆ ಸುಮಾರು 1/80 ಎಂದು ಇಡಬೇಕಾಗುತ್ತದೆ. ನಿಮ್ಮ ಮಾದರಿಯ ಪುಸ್ತಿಕೆಯಲ್ಲಿ ಖಚಿತ ಅಂಕಿ ಇರುತ್ತದೆ. ಆಮೇಲೆ ಆ ವ್ಯಕ್ತಿಯ ಬಳಿಗೇ ನಡೆದು ಹೋಗಿ. ಗಲ್ಲದ ಹತ್ತಿರ ಗುಮ್ಮಟ ಹಿಡಿದು ಕ್ಯಾಮೆರಾ ಕಡೆ ಮುಖ ಮಾಡಿಸಿ. ನಿಮ್ಮ ಮೈ ಬೆಳಕಿಗೆ ಅಡ್ಡ ಬಾರದಂತೆ ಪಕ್ಕಕ್ಕೆ ಸರಿದು ಓದಿ.

ಅಂಗಳದಲ್ಲಿ ಎಫ್/11 ತೋರಿಸಿದ ಮೀಟರು ತೋಟದೊಳಗೆ ಇಪ್ಪತ್ತು ಹೆಜ್ಜೆ ಇಟ್ಟರೆ ಎಫ್/4 ತೋರಿಸುವುದುಂಟು. ಮೂರು ಸ್ಟಾಪ್, ಅಂದರೆ ಎಂಟರಲ್ಲಿ ಒಂದು ಪಾಲು ಬೆಳಕು. ನಮ್ಮ ಕಣ್ಣು ಅಷ್ಟರಲ್ಲಿ ಹೊಂದಿಕೊಂಡುಬಿಟ್ಟಿರುತ್ತದೆ, ವ್ಯತ್ಯಾಸ ತಿಳಿಯುವುದಿಲ್ಲ. ನನ್ನ ಮೊದಲ ರೋಲು ಹೋದದ್ದು ಈ ಇಪ್ಪತ್ತು ಹೆಜ್ಜೆಯಲ್ಲಿ.

ಗುಮ್ಮಟದ ಮೀಟರು ಇಲ್ಲದವರಿಗೆ ಅಂಗೈ ಇದೆ. ಒಮ್ಮೆ ಮನೆಯಲ್ಲಿ ಒಂದೇ ಬೆಳಕಿನಲ್ಲಿ ಬೂದಿ ಕಾರ್ಡನ್ನೂ (ಆ 18 ಶೇಕಡಾ ನಡುಬೂದಿ ಬಣ್ಣದ ರಟ್ಟು) ನಿಮ್ಮ ಅಂಗೈಯನ್ನೂ ಅಳೆದು ಎಷ್ಟು ಅಂತರ ಎಂದು ಬರೆದಿಟ್ಟುಕೊಳ್ಳಿ. ಆ ಅಂತರ ಬದಲಾಗುವುದಿಲ್ಲ. ತೋಟದಲ್ಲಿ ಅಂಗೈ ಓದಿ, ಅಷ್ಟನ್ನು ಸರಿಪಡಿಸಿದರೆ ಮುಗಿಯಿತು.

ಇನ್ನೊಂದು ವಿಷಯ, ಹಸಿರು. ಸೋಗೆಗಳ ನಡುವಿನಿಂದ ಸೋಸಿ ಬರುವ ಬೆಳಕಿಗೆ ಹಸಿರು ಹತ್ತಿರುತ್ತದೆ, ಮುಖಕ್ಕೂ ಹತ್ತುತ್ತದೆ. ಬಿಳಿ ಪಂಚೆಯೊಂದನ್ನು ಇಬ್ಬರು ಹಿಡಿದು, ಮರದ ಸಂದಿನಿಂದ ಕಾಣುವ ಆಕಾಶಕ್ಕೆ ತೋರಿಸಿ, ಅದರ ಬೆಳಕನ್ನು ಮುಖಕ್ಕೆ ತಿರುಗಿಸಿದರೆ ಬಣ್ಣ ತಿಳಿಯಾಗುತ್ತದೆ. ಶಾಟಿನ ಮೊದಲು ಎರಡು ಸೆಕೆಂಡ್ ಬೂದಿ ಕಾರ್ಡನ್ನೂ ತೆಗೆದಿಡಿ. ಬಣ್ಣ ತಿದ್ದುವವರಿಗೆ ಆಧಾರ ಬೇಕು.

ಮರದ ಮೇಲಿನ ಮುಖ

ಕೊನೆಗೌಡರ ಪಕ್ಕಕ್ಕೆ ಹೋಗಿ ಮೀಟರು ಹಿಡಿಯಲಾಗದು. ಮರದ ಬುಡದಲ್ಲಿ ಅಳೆದದ್ದು ಅಲ್ಲಿಗೆ ಸಲ್ಲದು, ಏಕೆಂದರೆ ಅವರು ನೆರಳಿನ ಮೇಲಿದ್ದಾರೆ, ನೀವು ಕೆಳಗಿದ್ದೀರಿ. ಅಂಗಳದಲ್ಲಿ ಅಳೆದದ್ದೂ ಸಲ್ಲದು: ಆಕಾಶದ ಬೆಳಕು ಬೀಳುವುದು ಅವರ ತಲೆ, ಹೆಗಲಿನ ಮೇಲೆ, ಕೆಳಗಿನಿಂದ ನಿಮಗೆ ಕಾಣುವುದು ಬೆಳಕು ಬೀಳದ ಮಗ್ಗುಲು.

ಇಲ್ಲಿ ಸ್ಪಾಟ್ ಮೀಟರೇ ಗತಿ. ಅವರ ಬೆನ್ನಿಗೋ ಮೀನಖಂಡಕ್ಕೋ ಒಮ್ಮೆ, ಹಿಂದಿನ ಆಕಾಶಕ್ಕೆ ಒಮ್ಮೆ ಹಿಡಿಯಿರಿ. ಮೋಡದ ದಿನ ಬೆನ್ನು ಎಫ್/4, ಆಕಾಶ ಎಫ್/22 ಎಂದು ಬಂತೆನ್ನಿ. ಐದು ಸ್ಟಾಪ್ ಅಂತರ. ಆಕಾಶದ ಮಾತು ಕೇಳಿದರೆ ಮನುಷ್ಯ ಬರೀ ನೆರಳು. ಎಫ್/4 ಇಟ್ಟರೆ ಬೆನ್ನು ನಡುಬೂದಿ, ಆಕಾಶ ಐದು ಸ್ಟಾಪ್ ಮೇಲೆ. ನಾನು ಎಫ್/5.6 ಇಡುತ್ತೇನೆ: ಬೆನ್ನು ಒಂದು ಸ್ಟಾಪ್ ಕೆಳಗೆ, ದುಡಿದ ಮೈಯ ಬಣ್ಣಕ್ಕೆ ಅದು ಹತ್ತಿರ, ಆಕಾಶ ನಾಲ್ಕು ಸ್ಟಾಪ್ ಮೇಲೆ, ನೆಗೆಟಿವ್ ಅಷ್ಟನ್ನು ಹಿಡಿದುಕೊಳ್ಳುತ್ತದೆ. ಸಾಧ್ಯವಾದರೆ ಕ್ಯಾಮೆರಾವನ್ನು ಎತ್ತರದ ಧರೆಯ ಮೇಲಕ್ಕೆ ಒಯ್ಯಿರಿ. ಹಿಂದೆ ಆಕಾಶದ ಬದಲು ಎದುರಿನ ಗುಡ್ಡದ ಕಾಡು ಬಂದರೆ ಈ ಲೆಕ್ಕದ ಅರ್ಧ ತಲೆನೋವು ಅಲ್ಲೇ ಹೋಗುತ್ತದೆ.

ತೊಟ್ಟಿ ಮತ್ತು ಮಳೆ

ಸತ್ಯಜಿತ್ ರಾಯ್ ಅವರ ಛಾಯಾಗ್ರಾಹಕ ಸುಬ್ರತೊ ಮಿತ್ರ 1956ರ 'ಅಪರಾಜಿತೊ' ಚಿತ್ರಕ್ಕಾಗಿ ಬನಾರಸಿನ ತೊಟ್ಟಿಮನೆಯ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ಕೆಳಗಿನಿಂದ ಅದಕ್ಕೆ ಹೊಡೆಸಿ, ಚೆದುರಿ ಇಳಿದ ಬೆಳಕಿನಲ್ಲಿ ಚಿತ್ರೀಕರಿಸಿದರು. ತೊಟ್ಟಿಯಿಂದ ಇಳಿಯುವ ಹಗಲಿಗೆ ಮೊನಚು ನೆರಳಿಲ್ಲ ಎಂಬುದನ್ನು ಅವರು ಗಮನಿಸಿದ್ದರು. ಅವರು ಸ್ಟುಡಿಯೋದಲ್ಲಿ ಕಟ್ಟಿದ ಬೆಳಕು ನಮ್ಮ ಹಳೆಯ ಮನೆಗಳಲ್ಲಿ ದಿನವೂ ಪುಕ್ಕಟೆ ಸುರಿಯುತ್ತದೆ. ಜಗಲಿಯ ಅಂಚಿಗೆ ಅಜ್ಜಿಯನ್ನು ತೊಟ್ಟಿಯ ಕಡೆ ಮುಖ ಮಾಡಿ ಕೂರಿಸಿ, ಬೇರೆ ದೀಪ ಬೇಡ. ಒಳಕ್ಕೆ ಹೋದಂತೆ ಬೆಳಕು ಬೇಗ ಇಳಿಯುತ್ತದೆ. ಅವರು ಎದ್ದು ಒಳಗೆ ನಡೆಯುವ ಶಾಟ್ ಇದ್ದರೆ ಹೆಜ್ಜೆ ಹೆಜ್ಜೆಗೂ ಓದಿ ನೋಡಿ.

ಮಳೆ ಕಾಣಬೇಕಾದರೆ ಹಿಂದೆ ಕತ್ತಲಿರಬೇಕು, ಬೆಳಕು ಮಳೆಯ ಹಿಂದಿನಿಂದ ಬರಬೇಕು. ಬಿಳಿ ಆಕಾಶದೆದುರು ಆಗುಂಬೆಯ ಜಡಿಮಳೆಯೂ ಮಾಯ. ಹೆಂಚಿನ ಅಂಚಿನಿಂದ ಇಳಿಯುವ ನೀರಿನ ಎಳೆಗಳ ಹಿಂದೆ ಕತ್ತಲ ಕೊಟ್ಟಿಗೆ ಬರುವಂತೆ ನಿಂತುಕೊಳ್ಳಿ.

ರಾತ್ರಿ ಅಡಿಕೆ ಸುಲಿಯುವಾಗ

ಮೆಟ್ಟುಗತ್ತಿಯ ಮುಂದೆ ಕೂತವರ ಮೇಲೆ ನೇತಾಡುವ 60 ವಾಟಿನ ಹಳೆಯ ಬಲ್ಬು, ಒಂದು ಮೀಟರ್ ದೂರದಲ್ಲಿ, 500ಟಿಗೆ ಕೊಡುವುದು ಹೆಚ್ಚುಕಡಿಮೆ ಎಫ್/1.4. ಎಫ್/2.2ರ ಜೂಮ್ ಇಲ್ಲಿ ನಡೆಯದು. 25 ಎಂಎಂ ಎಫ್/1.4 ಲೆನ್ಸಿನಂಥದ್ದು ಬೇಕು. ಇಲ್ಲವೇ ಬಲ್ಬನ್ನು ಇಳಿಸಿ: ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು, ಎರಡು ಸ್ಟಾಪ್ ಲಾಭ. ಎಲ್‌ಇಡಿ, ಟ್ಯೂಬ್‌ಲೈಟು ಇದ್ದರೆ ಮಿಣುಕಿನ ಕಾಟ. ನಮ್ಮ ವಿದ್ಯುತ್ 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಷಟರ್ ಬದಲಿಸಲು ಬಂದರೆ 24 ಫ್ರೇಮಿಗೆ 172.8 ಡಿಗ್ರಿ ಇಡಿ, ಸರಿಯಾಗಿ 1/50 ಆಗುತ್ತದೆ. 180 ಡಿಗ್ರಿ ಷಟರಿದ್ದು ಅದನ್ನು ಬದಲಿಸಲು ಬಾರದಿದ್ದರೆ 25 ಫ್ರೇಮಿಗೆ ಓಡಿಸಿ. ಅದೂ ಆಗದಿದ್ದರೆ ಹಳೆಯ ಬಲ್ಬನ್ನೇ ಹಾಕಿ. ವೋಲ್ಟೇಜ್ ಇಳಿದಾಗ ಅದು ಮಂಕಾಗಿ ಕೆಂಪಗಾಗುತ್ತದೆ, ಆದ್ದರಿಂದ ಪ್ರತಿ ಶಾಟಿಗೂ ಮತ್ತೆ ಅಳೆಯಿರಿ.

ಮೊದಲ ಒಂಬತ್ತು ಅಡಿ

ನಿಜವಾದ ಕೆಲಸಕ್ಕೆ ಇಳಿಯುವ ಮೊದಲು ಒಂದು ರೋಲಿನಲ್ಲಿ 9 ಅಡಿ ಪರೀಕ್ಷೆಗೆ ಕೊಡಿ. ಮನೆಯವರೊಬ್ಬರನ್ನು ತೋಟದ ನೆರಳಲ್ಲಿ ನಿಲ್ಲಿಸಿ. ಮುಖದ ಬಳಿ ಓದಿದ ಅಂಕಿಯಲ್ಲಿ ಮೂರು ಸೆಕೆಂಡ್ ಓಡಿಸಿ; ಆಮೇಲೆ ಒಂದು ಸ್ಟಾಪ್ ಮೇಲೆ, ಎರಡು ಮೇಲೆ, ಒಂದು ಕೆಳಗೆ, ಎರಡು ಕೆಳಗೆ. ಪ್ರತಿ ಸಲವೂ ಸ್ಲೇಟಿನಲ್ಲಿ ಅಂಕಿ ಬರೆದು ಅವರ ಕೈಯಲ್ಲಿ ಹಿಡಿಸಿ. ಐದು ಸೇರಿ 15 ಸೆಕೆಂಡ್. ಸ್ಕ್ಯಾನ್ ಮಾಡುವವರಿಗೆ ಇಷ್ಟು ಭಾಗವನ್ನು ತಿದ್ದದೆ ಒಂದೇ ಅಳತೆಯಲ್ಲಿ ಕೊಡಿ ಎಂದು ಬರೆದು ಕಳಿಸಿ, ಇಲ್ಲವಾದರೆ ಐದನ್ನೂ ಒಂದೇ ಥರ ಮಾಡಿ ಕೊಡುತ್ತಾರೆ. ತೊಳೆದು ಬಂದ ಮೇಲೆ ಐದರಲ್ಲಿ ಯಾವ ಮುಖ ಅವರದೇ ಅನ್ನಿಸುತ್ತದೆ ಎಂದು ಮನೆಮಂದಿಯನ್ನು ಕೇಳಿ. ಆ ಅಂಕಿಯನ್ನು ಮೀಟರಿನ ಹಿಂದೆ ಚೀಟಿ ಮಾಡಿ ಅಂಟಿಸಿಕೊಂಡು ಕೊನೆಕೊಯ್ಲಿಗೆ ಹೊರಡಿ.