ಕೊಟ್ಟಿಗೆಯೊಳಗೆ ನಡುಕಟ್ಟೆಯ ಅಡುಗೆಮನೆ: ನನ್ನ ಅನುಭವ

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಹಳೇ ಮನೆ. ಮನೆಗೆ ತಾಗಿಕೊಂಡೇ ದೊಡ್ಡ ಕೊಟ್ಟಿಗೆ ಇತ್ತು. ಒಂದು ಕಾಲದಲ್ಲಿ ಹನ್ನೆರಡು ರಾಸು ಕಟ್ಟುತ್ತಿದ್ದರಂತೆ. ನಾನು ಮದುವೆಯಾಗಿ ಬರುವಾಗ ನಾಲ್ಕಿದ್ದವು, ಆಮೇಲೆ ಎರಡಾದವು. ಆ ಎರಡಕ್ಕೆ ಹಿತ್ತಿಲಲ್ಲಿ ಸಣ್ಣ ಕೊಟ್ಟಿಗೆ ಕಟ್ಟಿಸಿದ ಮೇಲೆ ಈ ದೊಡ್ಡದು ಖಾಲಿಯಾಯಿತು. ಒಳಮನೆಯ ಅಡುಗೆಮನೆಯಲ್ಲಿ ಹಗಲೂ ದೀಪ ಹಾಕಬೇಕಿತ್ತು, ಇಬ್ಬರು ನಿಂತರೆ ಮೂರನೆಯವರು ಹೊರಗೆ. ಕೊಟ್ಟಿಗೆಯನ್ನೇ ಅಡುಗೆಮನೆ ಮಾಡೋಣ ಅಂತ ನಾನು ಹೇಳಿದಾಗ ಅತ್ತೆ ಏನಂತಾರೋ ಅನ್ನೋ ಅಳುಕಿತ್ತು. ಅವರು ಒಂದೇ ಮಾತು ಹೇಳಿದರು: "ದನ ಇದ್ದ ಜಾಗ. ಅದಕ್ಕಿಂತ ಒಳ್ಳೇ ಜಾಗ ಎಲ್ಲಿ ಸಿಗ್ತದೆ ಮಾರಾಯ್ತಿ?"

2020ರ ದೀಪಾವಳಿ ಕಳೆದ ಮೇಲೆ ಕೆಲಸ ಶುರು ಮಾಡಿದೆವು. ಕೊಟ್ಟಿಗೆಯ ಒಳ ಅಗಲ 18 ಅಡಿ, ಉದ್ದ ಐದು ಅಂಕಣ (ಕಂಬದಿಂದ ಕಂಬಕ್ಕೆ ಒಂದು ಅಂಕಣ), ಅಂದರೆ 40 ಅಡಿ. ಸುತ್ತ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆ, ಮೇಲೆ ಮಂಗಳೂರು ಹೆಂಚು. ನಡು ಮಧ್ಯದಲ್ಲಿ ಉದ್ದಕ್ಕೂ ನಾಲ್ಕು ಮರದ ಕಂಬ, ಎಂಟೆಂಟು ಅಡಿಗೆ ಒಂದರಂತೆ. ಮೂರು ಅಂಕಣ ಅಡುಗೆಗೆ ಮತ್ತು ಊಟಕ್ಕೆ, ಉಳಿದೆರಡು ಅಂಕಣ ಅಡಿಕೆ ಮೂಟೆಗೆ ಅಂತ ಮಾಡಿಕೊಂಡೆವು.

ನನಗೆ ಮೊದಲಿನಿಂದಲೂ ನಡುವೆ ಒಂದು ಐಲ್ಯಾಂಡ್, ಅಂದರೆ ಯಾವ ಗೋಡೆಗೂ ತಾಗದ ಅಡುಗೆ ಕಟ್ಟೆ, ಬೇಕು ಅಂತ ಆಸೆ. ಗೋಡೆಗೆ ಮುಖ ಮಾಡಿ ಅಡುಗೆ ಮಾಡಿ ಮಾಡಿ ಸಾಕಾಗಿತ್ತು. ತರಕಾರಿ ಹೆಚ್ಚುತ್ತಾ ಎದುರಿಗೆ ಕೂತವರ ಹತ್ತಿರ ಮಾತಾಡಬೇಕು, ಅಷ್ಟೇ. ಐಲ್ಯಾಂಡ್ ಅಂದರೆ ಏನು ಅಂತ ನಮ್ಮ ಗಾರೆ ಕೆಲಸದವರಿಗೆ ವಿವರಿಸಿದೆ. ಅವರು ಕೇಳಿ, "ಓ, ನಡುಕಟ್ಟೆ" ಅಂದರು. ಅವತ್ತಿನಿಂದ ನಮ್ಮನೆಯಲ್ಲಿ ಅದರ ಹೆಸರೇ ನಡುಕಟ್ಟೆ.

ನಾನು ಹಾಕಿದ ಮೊದಲ ನಕ್ಷೆಯಲ್ಲಿ ಎರಡು ಕಂಬಗಳ ನಡುವೆ ಸರಿಯಾಗಿ ಮಧ್ಯಕ್ಕೆ 6 ಅಡಿ ಉದ್ದ, 3 ಅಡಿ ಅಗಲದ ಕಟ್ಟೆ ಇತ್ತು. ಕಾಗದದ ಮೇಲೆ ನೋಡಲು ಬಹಳ ಚೆಂದ. ಮರದ ಕೆಲಸದ ಆಚಾರ್ರು ಕಾಗದ ನೋಡಲೇ ಇಲ್ಲ. ಕಂಬದ ಹತ್ತಿರ ಹೋಗಿ ಗೇಣಲ್ಲಿ ಅಳೆದರು. ಕಂಬ 8 ಇಂಚು ದಪ್ಪ. ಕಂಬಕ್ಕೂ ಕಟ್ಟೆಗೂ ನಡುವೆ ಎರಡೂ ಕಡೆ 8 ಇಂಚು ಸಂದಿ ಉಳಿಯುತ್ತಿತ್ತು. "ಇಲ್ಲಿ ಕಾಲೂ ಹೋಗಲ್ಲ, ಕಸಬರಿಗೆನೂ ಹೋಗಲ್ಲ ಅಮ್ಮ. ಒಂದಾ ಕಂಬಕ್ಕೆ ತಾಗಿಸಿ, ಇಲ್ಲಾ ಮನುಷ್ಯ ಹೋಗೋಷ್ಟು ಬಿಡಿ" ಅಂದರು. ಹಳೇ ಕಟ್ಟಡದಲ್ಲಿ ಅಡುಗೆಮನೆ ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಹೊಸ ಮನೆಯಲ್ಲಿ ನಮಗೆ ಬೇಕಾದಲ್ಲಿ ಗೋಡೆ ಎಬ್ಬಿಸಬಹುದು. ಇಲ್ಲಿ ಕಂಬ ಮೊದಲು, ಉಳಿದದ್ದೆಲ್ಲ ಆಮೇಲೆ. ಮಾಡಿನ (ಚಾವಣಿಯ) ಭಾರ ಹೊತ್ತ ಕಂಬವನ್ನು ಸರಿಸುವ ಮಾತೇ ಇಲ್ಲ.

ಆಮೇಲೆ ನಾನು ನಕ್ಷೆ ಬಿಟ್ಟು ರಂಗೋಲಿ ಪುಡಿ ಹಿಡಿದೆ. ನೆಲದ ಮೇಲೇ ಎಲ್ಲವನ್ನೂ ಬರೆದೆ. ಒಲೆಯ ಕಟ್ಟೆ, ಫ್ರಿಜ್, ನಡುಕಟ್ಟೆ, ಎಲ್ಲದಕ್ಕೂ ಗೆರೆ. ನಡುಕಟ್ಟೆಯ ಜಾಗದಲ್ಲಿ ಪ್ಲಾಸ್ಟಿಕ್ ಕ್ರೇಟ್ ಪೇರಿಸಿ ಮೇಲೆ ಹಳೇ ಬಾಗಿಲಿನ ಹಲಗೆ ಹಾಕಿದೆವು. ಗೋಡೆ ಬದಿಗೆ ಎರಡು ಬೆಂಚು, ಅದರ ಮೇಲೆ ಗ್ಯಾಸ್ ಒಲೆ. ಎಂಟು ದಿನ ಅಲ್ಲೇ ಅಡುಗೆ ಮಾಡಿದೆವು, ಬೆಳಗಿನ ದೋಸೆಯಿಂದ ರಾತ್ರಿಯ ಊಟದವರೆಗೆ. ಸಿಮೆಂಟಿನ ಕೆಲಸದವರು "ಇದೆಲ್ಲ ಯಾಕೆ ಸುಮ್ನೆ" ಅಂದರು. ಆದರೆ ಆ ಎಂಟು ದಿನ ಕಲಿಸಿದ್ದನ್ನು ಯಾವ ನಕ್ಷೆಯೂ ನನಗೆ ಕಲಿಸಿರಲಿಲ್ಲ.

ಮೂರನೇ ದಿನ ಸಂಜೆ ನೋಡಿದರೆ ನಡುಕಟ್ಟೆಯ ಮೂಡಲ ಮೂಲೆಯ ರಂಗೋಲಿ ಗೆರೆ ಪೂರ್ತಿ ಅಳಿಸಿಹೋಗಿತ್ತು. ಉಳಿದ ಮೂರು ಮೂಲೆಗಳು ಹಾಗೇ ಇದ್ದವು. ಮತ್ತೆ ಬರೆದೆ. ಮಾರನೇ ದಿನ ಮಧ್ಯಾಹ್ನಕ್ಕೇ ಮತ್ತೆ ಮಾಯ. ಕೂತು ಗಮನಿಸಿದಾಗ ಗೊತ್ತಾಯಿತು. ಹಿತ್ತಿಲ ಬಾಗಿಲಿನಿಂದ ಒಳಮನೆ ಬಾಗಿಲಿಗೆ ಹೋಗುವವರೆಲ್ಲ ಅದೇ ಮೂಲೆಯನ್ನು ತುಳಿದುಕೊಂಡು ಹೋಗುತ್ತಿದ್ದರು. ಹಾಲಿನ ಪಾತ್ರೆ, ಸೌದೆ, ಬಾಳೆಗೊನೆ, ಎಲ್ಲ ಬರುವ ದಾರಿ ಅದು. ಅಲ್ಲಿ ಕಲ್ಲಿನ ಚೂಪು ಮೂಲೆ ಬಂದಿದ್ದರೆ ದಿನಕ್ಕೆ ಹತ್ತು ಸಲ ಸೊಂಟಕ್ಕೆ ಬಡಿಯುತ್ತಿತ್ತು. ಕಟ್ಟೆಯ ಉದ್ದವನ್ನು ನೆಲದ ಮೇಲೆ ಬರೆದಿದ್ದ 8 ಅಡಿಯಿಂದ 7 ಅಡಿಗೆ ಇಳಿಸಿದೆವು. ಆ ಮೂಲೆಯನ್ನು ದುಂಡಗೆ ಮಾಡಿಸಿದೆವು.

ಓಡಾಟದ ಜಾಗದ ಲೆಕ್ಕವೂ ಅಲ್ಲೇ ಸರಿಯಾಯಿತು. ಮೊದಲು ಒಲೆಕಟ್ಟೆಗೂ ನಡುಕಟ್ಟೆಗೂ ನಡುವೆ 3 ಅಡಿ ಬಿಟ್ಟಿದ್ದೆ. ನಾನು ಬಗ್ಗಿ ಕೆಳಗಿನ ಪಾತ್ರೆ ತೆಗೆಯುವಾಗ ಹಿಂದೆ ಯಾರೂ ದಾಟುವ ಹಾಗಿರಲಿಲ್ಲ. ಕ್ರೇಟ್ ಆದ್ದರಿಂದ ಆರಿಂಚು ಹಿಂದಕ್ಕೆ ತಳ್ಳಿದೆವು, ಸರಿಹೋಯಿತು. ಒಬ್ಬರೇ ಅಡುಗೆ ಮಾಡುವಲ್ಲಿ 42 ಇಂಚು, ಇಬ್ಬರಿದ್ದರೆ 48 ಇಂಚು ಬೇಕು ಅಂತ ಅಡುಗೆಮನೆ ವಿನ್ಯಾಸ ಮಾಡುವವರು ಹೇಳುತ್ತಾರೆ. ನಮ್ಮಲ್ಲಿ ಇಬ್ಬರು ಇದ್ದರೂ 42 ಇಂಚಿಗೇ ನಿಲ್ಲಿಸಿದೆವು. ಯಾಕೆಂದರೆ ಅತ್ತೆ ಕೆಲಸ ಮಾಡುವುದು ಕಟ್ಟೆಯ ಆಚೆ ಬದಿಯಲ್ಲಿ.

ಆ ಆಚೆ ಬದಿಯ ಕತೆ ಸ್ವಲ್ಪ ಹೇಳಬೇಕು. ಅತ್ತೆ ಇಡೀ ಜೀವನ ಮೆಟ್ಟುಗತ್ತಿಯ (ಈಳಿಗೆ ಮಣೆಯ) ಮುಂದೆ ನೆಲದ ಮೇಲೆ ಕೂತು ಹೆಚ್ಚಿದವರು. ಚಾಕು ಹಿಡಿದು ನಿಂತು ಹೆಚ್ಚುವುದು ಅವರಿಗೆ ಆಗದ ಮಾತು. ಈಗ ಮಂಡಿನೋವು. ನೆಲಕ್ಕೆ ಕೂತರೆ ಏಳಲು ಒಬ್ಬರು ಕೈ ಕೊಡಬೇಕು. ನಾನು ನೋಡಿದ ಐಲ್ಯಾಂಡ್‌ಗಳೆಲ್ಲ ನಿಲ್ಲುವವರಿಗಾಗಿ ಮಾಡಿದವು. ಎತ್ತರದ ಸ್ಟೂಲ್ ಹಾಕಿದರೂ ಅದು ಕಾಫಿ ಕುಡಿಯಲು ಸರಿ, ಬಾಳೆದಿಂಡು ಹೆಚ್ಚಲು ಅಲ್ಲ. ಆ ಎಂಟು ದಿನದಲ್ಲಿ ಅತ್ತೆ ಏನು ಮಾಡಿದರು ಗೊತ್ತಾ? ನಾವು ಅಲ್ಲೇ ಬಿಟ್ಟಿದ್ದ ಒಂದು ಗಿಡ್ಡ ಬೆಂಚಿನ ಮೇಲೆ ಮೆಟ್ಟುಗತ್ತಿ ಇಟ್ಟುಕೊಂಡು, ಒಂದು ಕಾಲು ಮಡಚಿ ಮೇಲಿಟ್ಟು, ಇನ್ನೊಂದು ಕಾಲು ಕೆಳಗೆ ಬಿಟ್ಟು ಕೂತರು. ಮಡಚಿದ ಕಾಲಲ್ಲಿ ಮಣೆಯನ್ನು ಮೆಟ್ಟಿ ಹಿಡಿದು ಸರಸರ ಸೌತೆಕಾಯಿ ಹೆಚ್ಚಿದರು. ಬೆನ್ನಿಗೆ ಕಂಬ. ಜಗಲಿಯಲ್ಲಿ ಕೂತ ಹಾಗೇ.

ಬೆಂಚಿನ ಎತ್ತರ ಅಳೆದೆ, 16 ಇಂಚು. ಅಷ್ಟೇ ಎತ್ತರಕ್ಕೆ ನಡುಕಟ್ಟೆಯ ಆಚೆ ಬದಿಗೆ ಒಂದು ಕೆಳಕಟ್ಟೆ ಬಂತು. 2 ಅಡಿ ಅಗಲ, ಕಂಬದಿಂದ ಕಂಬದವರೆಗೆ. ಗೋಡೆಯಿಂದ ಲೆಕ್ಕ ಹಾಕಿದರೆ ಒಲೆಕಟ್ಟೆ 2 ಅಡಿ, ಓಡಾಟಕ್ಕೆ ಮೂರೂವರೆ ಅಡಿ, ನಡುಕಟ್ಟೆ ಎರಡೂವರೆ ಅಡಿ, ಅಲ್ಲಿಗೆ 8 ಅಡಿ. ಅದರಾಚೆ ಕೆಳಕಟ್ಟೆ, 10 ಅಡಿಗೆ ಮುಗಿಯುತ್ತದೆ. ಕಂಬದ ಸಾಲು 9 ಅಡಿಗೆ, ಕೆಳಕಟ್ಟೆಯ ನಟ್ಟನಡುವೆ. ಹೀಗಾಗಿ ತೊಂದರೆ ಕೊಡುತ್ತಿದ್ದ ಕಂಬಗಳೇ ಒರಗಿ ಕೂರುವ ಜಾಗವಾದವು. ಇನ್ನೊಂದು ವಿಷಯ ಕಟ್ಟುವಾಗ ಮಾವ ಹೇಳಿದರು. ಮೊದಲು ದನಗಳಿಗೆ ಹುಲ್ಲು ಹಾಕುವ ಗೋದಲೆ ಇದ್ದದ್ದು ಸರಿಯಾಗಿ ಆ ಜಾಗದಲ್ಲೇ ಅಂತೆ.

ಎತ್ತರದ ವಿಷಯ. ನಿಂತು ಕೆಲಸ ಮಾಡುವವರ ಮೊಣಕೈಗಿಂತ ನಾಲ್ಕಿಂಚು ಕೆಳಗಿರಬೇಕು ಅನ್ನೋದು ನನಗೆ ಸರಿ ಕಂಡ ಲೆಕ್ಕ. ನನ್ನ ಎತ್ತರ 5 ಅಡಿ 1 ಇಂಚು, ನಡುಕಟ್ಟೆ 34 ಇಂಚು. ಒಲೆಕಟ್ಟೆ ಮಾತ್ರ 31 ಇಂಚು, ಏಕೆಂದರೆ ಒಲೆಯ ಎತ್ತರ, ಅದರ ಮೇಲೆ ಪಾತ್ರೆಯ ಎತ್ತರ ಸೇರುತ್ತದೆ. ಎಲ್ಲ ಕಟ್ಟೆಯನ್ನೂ ಒಂದೇ ಎತ್ತರಕ್ಕೆ ಮಾಡಿಸಿ ಆಮೇಲೆ ಭುಜ ನೋವು ಅನ್ನುವವರನ್ನು ನಾನು ತುಂಬಾ ನೋಡಿದ್ದೇನೆ.

ಒಲೆಯನ್ನು ನಡುಕಟ್ಟೆ ಮೇಲೆ ಯಾಕೆ ಇಡಲಿಲ್ಲ ಅಂತ ಬಂದವರೆಲ್ಲ ಕೇಳುತ್ತಾರೆ. ನಮ್ಮ ಮಾಡು ನಡುವಲ್ಲಿ 14 ಅಡಿ ಎತ್ತರ. ಅಷ್ಟು ಎತ್ತರದಿಂದ ಚಿಮಣಿ ಇಳಿಬಿಟ್ಟರೂ ಹೆಂಚಿನ ಸಂದಿಯ ಗಾಳಿಗೆ ಹೊಗೆ ಅದರ ಬಾಯಿಗೆ ಹೋಗುವ ಬದಲು ಪಕ್ಕಕ್ಕೆ ಹರಿಯುತ್ತದೆ. ಒಗ್ಗರಣೆ ಸಿಡಿದರೆ ಎದುರು ಕೂತವರ ಮೈಮೇಲೆ. ಗ್ಯಾಸಿನ ಪೈಪನ್ನು ನೆಲದಡಿ ತರಬೇಕು, ಅದು ನನಗೆ ಇಷ್ಟವಿರಲಿಲ್ಲ. ಗೋಡೆಗೆ ಒಲೆ ಇದ್ದರೆ ಸಿಲಿಂಡರ್ ಗೋಡೆಯಾಚೆ, ಹೊರಗೆ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ಅದಕ್ಕೆ ಹೊರಗಿನ ಆ ಗೂಡಿಗೂ ಬುಡದಲ್ಲೇ ಗಾಳಿಕಿಂಡಿ ಬಿಡಿಸಿದೆ.

ನಡುಕಟ್ಟೆಯಲ್ಲಿ ಒಂದು ಸಣ್ಣ ಸಿಂಕ್ ಇದೆ, ತರಕಾರಿ ತೊಳೆಯಲು ಮಾತ್ರ. ಪಾತ್ರೆ ತೊಳೆಯುವುದು ಹಿತ್ತಿಲ ಬಾಗಿಲ ಹತ್ತಿರ. ಸಿಂಕಿನ ನೀರು ಎಲ್ಲಿಗೆ ಹೋಗಬೇಕು ಅಂತ ತಲೆ ಕೆಡಿಸಿಕೊಂಡಿದ್ದಾಗ ಕೊಟ್ಟಿಗೆಯೇ ಉತ್ತರ ಕೊಟ್ಟಿತು. ಹಳಬರು ಕಲ್ಲು ಚಪ್ಪಡಿಯ ನೆಲವನ್ನು ಕಂಬದ ಕಡೆಯಿಂದ ಗೋಡೆಯ ಕಡೆಗೆ ಇಳಿಜಾರು ಕೊಟ್ಟೇ ಹಾಸಿದ್ದರು. ಆರಡಿಗೆ ಮೂರಿಂಚು. ಅದರ ಕೊನೆಗೆ ಗಂಜಲ ಹರಿಯುವ ಕಾಲುವೆ, ಅದು ನೇರ ಬಾಳೆಬುಡಕ್ಕೆ. ಅಡುಗೆ ನೀರಿನ ಪೈಪಿಗೆ 40 ಅಡಿಗೆ 1 ಅಡಿ ಇಳಿಜಾರು ಸಾಕು. ಆ ಕಾಲುವೆಯೊಳಗೇ ಪೈಪ್ ಮಲಗಿಸಿ, ಮೇಲೆ ತುಂಬಿಸಿ ನೆಲ ಮಟ್ಟ ಮಾಡಿದೆವು. ಮಟ್ಟ ಮಾಡುವುದನ್ನು ಮರೆಯಬೇಡಿ. ಇಳಿಜಾರಿನಲ್ಲಿ ಎರಡು ಗಂಟೆ ನಿಂತರೆ ಸೊಂಟ ಹಿಡಿಯುತ್ತದೆ. ಸಣ್ಣ ಸಿಂಕಿಗೆ ದಿನಾ ಒಂದು ಚೊಂಬಾದರೂ ನೀರು ಹಾಕಬೇಕು. ಬಳಸದೆ ಬಿಟ್ಟರೆ ಬಾಗಿದ ಪೈಪಿನೊಳಗೆ ನಿಂತ ನೀರು ಒಣಗಿ ವಾಸನೆ ಮೇಲೆ ಬರುತ್ತದೆ.

ಇನ್ನು ನಾವು ಪೆಟ್ಟು ತಿಂದ ಜಾಗ. ಒಲೆಕಟ್ಟೆಯ ಹಿಂದಿನ ಗೋಡೆ. ದನಗಳು ಬಾಲ ಮಾಡಿ ನಿಲ್ಲುತ್ತಿದ್ದದ್ದು ಆ ಗೋಡೆಗೆ. ಎಷ್ಟೋ ವರ್ಷ ಗಂಜಲ ಸಿಡಿದು ಜಂಬಿಟ್ಟಿಗೆಯೊಳಗೆ ಇಳಿದಿತ್ತು. ಗುತ್ತಿಗೆ ಹಿಡಿದವರು "ಏನೂ ಆಗಲ್ಲ" ಅಂತ ಅದರ ಮೇಲೆ ಸಿಮೆಂಟ್ ಬಳಿದು ಟೈಲ್ಸ್ ಅಂಟಿಸಿದರು. ನಾನೂ ಒಪ್ಪಿಕೊಂಡೆ. ಎರಡನೇ ಮಳೆಗಾಲಕ್ಕೆ ಟೈಲ್ಸ್ ಅಂಚಲ್ಲಿ ಬಿಳಿ ಉಪ್ಪು ಹೂ ಬಿಟ್ಟ ಹಾಗೆ ಕಂಡಿತು. ಕೈಯಿಂದ ಉಜ್ಜಿದರೆ ಹಿಟ್ಟು. ನಾಲಿಗೆಗೆ ತಾಗಿಸಿ ನೋಡಿದೆ, ಉಪ್ಪುಪ್ಪು, ತಣ್ಣಗೆ. ಒಂದು ರಾತ್ರಿ ಮೂರು ಟೈಲ್ಸ್ ದಬದಬ ಬಿದ್ದವು. ಗಂಜಲದ ಉಪ್ಪು ಗಾಳಿಯ ತೇವ ಹೀರುತ್ತದೆ, ಒಣಗುವಾಗ ಹರಳುಗಟ್ಟಿ ಉಬ್ಬುತ್ತದೆ, ಮೇಲಿನ ಗಾರೆಯನ್ನು ಒಳಗಿನಿಂದ ಸೀಳುತ್ತದೆ. ಸಿಮೆಂಟ್ ಗಟ್ಟಿಯಾಗಿ ಮುಚ್ಚಿಬಿಟ್ಟರೆ ಅದಕ್ಕೆ ಹೊರಬರಲು ಬೇರೆ ದಾರಿ ಇಲ್ಲ.

2023ರ ಜನವರಿಯಲ್ಲಿ ನಾಲ್ಕಡಿ ಎತ್ತರದವರೆಗೆ ಎಲ್ಲ ಕಿತ್ತೆವು. ಮೇ ತಿಂಗಳವರೆಗೆ ಗೋಡೆಯನ್ನು ಬರಿಮೈಯಲ್ಲಿ ಬಿಟ್ಟೆವು. ಉಪ್ಪು ಬಂದ ಹಾಗೆಲ್ಲ ಒಣ ಬ್ರಷ್‌ನಲ್ಲಿ ಉಜ್ಜಿ ಗುಡಿಸಿ ಹೊರಗೆ ಹಾಕಿದೆವು. ನೀರು ಹಾಕಿ ತೊಳೆಯಬಾರದು, ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಆಮೇಲೆ ಸುಣ್ಣದ ಗಾರೆ ಮಾಡಿಸಿದೆವು. ಅದು ಉಸಿರಾಡುತ್ತದೆ. ಕೆಲವು ವರ್ಷಕ್ಕೊಮ್ಮೆ ಉದುರಿದ ಕಡೆ ಮತ್ತೆ ಬಳಿಯಬೇಕು, ಅದು ಗೊತ್ತಿದ್ದೇ ಮಾಡಿದ್ದು. ಒಲೆಯ ಹಿಂದೆ ಈಗ ಟೈಲ್ಸ್ ಇಲ್ಲ. ಗೋಡೆಯಿಂದ ಒಂದಿಂಚು ದೂರಕ್ಕೆ ನಿಲ್ಲಿಸಿದ ಸ್ಟೀಲ್ ಹಾಳೆ ಇದೆ. ಹಿಂದೆ ಗಾಳಿ ಆಡುತ್ತದೆ, ಎಣ್ಣೆ ಸಿಡಿದರೆ ಒರೆಸಬಹುದು. ಕೊಟ್ಟಿಗೆಯನ್ನು ಏನು ಮಾಡಲು ಹೊರಟರೂ ಮೊದಲು ದನ ಯಾವ ಕಡೆ ಬಾಲ ಮಾಡಿ ನಿಲ್ಲುತ್ತಿತ್ತು ಅಂತ ಮನೆಯ ಹಿರಿಯರನ್ನು ಕೇಳಿ.

ಕಟ್ಟೆಯ ಕೆಳಗೆ ಪ್ಲೈವುಡ್ ಹಾಕಲಿಲ್ಲ. ನಮ್ಮೂರಿನ ಮಳೆ, ಒರಲೆ (ಗೆದ್ದಲು) ಎರಡೂ ಗೊತ್ತಿರುವವರಿಗೆ ಕಾರಣ ಹೇಳಬೇಕಿಲ್ಲ. ಇಟ್ಟಿಗೆ ಕಾಲು, ಕಡಪ ಕಲ್ಲಿನ ಅಡ್ಡಹಲಗೆ. ಮೇಲೆ ಒಂದೇ ತುಂಡಿನ ಗ್ರಾನೈಟ್, ಮುಕ್ಕಾಲು ಇಂಚು ದಪ್ಪ. 7 ಅಡಿಗೆ ಎರಡೂವರೆ ಅಡಿ ಅಂದರೆ ಸುಮಾರು 90 ಕೆಜಿ ಭಾರ. ನಾಲ್ಕು ಜನ ಹಿಡಿದು ತಂದರು. ಬಾಗಿಲಲ್ಲಿ ತಿರುಗುತ್ತದಾ ಅಂತ ಹಲಗೆ ಹಿಡಿದು ಮೊದಲೇ ನೋಡಿದ್ದು ಒಳ್ಳೇದಾಯಿತು. ಕೆಳಕಟ್ಟೆಗೆ ಮಾತ್ರ ಕಲ್ಲು ಬೇಡ ಅಂದರು ಅತ್ತೆ, ಚಳಿಗಾಲದಲ್ಲಿ ಕೂರಲು ತಣ್ಣಗೆ ಅಂತ. ಅದಕ್ಕೆ ಹಳೇ ಅಟ್ಟದ ಹಲಸಿನ ಹಲಗೆ ಬಂತು. ಹಲಸಿನಕಾಯಿ ಬಿಡಿಸುವಾಗ ಮೇಣ ಅಂಟದಂತೆ ಹಾಳೆ ಹಾಸಿಕೊಳ್ಳುತ್ತಾರೆ. ಮಿಕ್ಸಿಗೆ ನಡುಕಟ್ಟೆಯಲ್ಲಿ ಎರಡು ಪ್ಲಗ್ ಪಾಯಿಂಟ್ ಇದೆ, ನೆಲ ತೊಳೆಯುವ ನೀರು ತಾಗದ ಹಾಗೆ ಒಂದೂವರೆ ಅಡಿ ಮೇಲೆ.

ಬೆಳಕಿಗೆ ನಡುಕಟ್ಟೆಯ ನೇರಕ್ಕೆ ಆರು ಗಾಜಿನ ಹೆಂಚು. ಹೆಂಚು ಇಳಿಸುವಾಗ ಕೆಲವುಗಳ ಬೆನ್ನಲ್ಲಿ ಬಾಸೆಲ್ ಮಿಷನ್ನಿನ ಮುದ್ರೆ ಕಂಡಿತು. ಮಂಗಳೂರಿನಲ್ಲಿ ಆ ಮಿಷನ್ನಿನ ಹೆಂಚಿನ ಕಾರ್ಖಾನೆ 1865ರಲ್ಲಿ ಶುರುವಾದದ್ದು. ಒಂದೊಂದು ಕಾರ್ಖಾನೆಯ ಹೆಂಚಿನ ಕಚ್ಚು ಒಂದೊಂದು ತರ. ಗಾಜಿನ ಹೆಂಚು ತರಲು ಹೋಗುವಾಗ ನಿಮ್ಮ ಮಾಡಿನ ಒಂದು ಹೆಂಚು ಚೀಲದಲ್ಲಿ ಹಾಕಿಕೊಂಡು ಹೋಗಿ. ನಾವು ಹಾಗೆ ಮಾಡದೆ ಎರಡು ಸಲ ಓಡಾಡಿದೆವು.

ಕಂಬಕ್ಕೂ ಕೆಳಕಟ್ಟೆಗೂ ನಡುವೆ ಅರ್ಧ ಇಂಚು ಬಿಡಲು ಆಚಾರ್ರು ಹೇಳಿದ್ದರು. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಸೊರಗುತ್ತದೆ. ಬಿಗಿಯಾಗಿ ಗಾರೆ ಹಾಕಿದರೆ ನೀರು ಕೂತು ಬುಡ ಕೊಳೆಯುತ್ತದೆ. ಆ ಸಂದಿಗೆ ಕಸ ಇಳಿಯದ ಹಾಗೆ ತೆಂಗಿನ ನಾರಿನ ಹಗ್ಗ ಹೊಸೆದು ತುರುಕಿದ್ದೇವೆ. ದೀಪಾವಳಿ ಹೊತ್ತಿಗೆ, ಮಳೆ ನಿಂತ ಮೇಲೆ, ಅದನ್ನು ತೆಗೆದು ಬುಡ ನೋಡಿ ಹೊಸ ಹಗ್ಗ ಹಾಕುತ್ತೇವೆ. ಮಾವನೇ ಹೊಸೆಯುತ್ತಾರೆ. ಕಂಬದಲ್ಲಿ ಮೊಣಕಾಲೆತ್ತರಕ್ಕೆ ದನ ಕಟ್ಟಿದ ಹಗ್ಗ ಉಜ್ಜಿ ಉಜ್ಜಿ ಆದ ಒಂದು ಹಳ್ಳ ಇದೆ, ಬೆರಳಿಟ್ಟರೆ ನುಣ್ಣಗೆ. ಪಾಲಿಶ್ ಮಾಡುವವರು ಅದನ್ನು ಪುಟ್ಟಿ ಹಾಕಿ ತುಂಬಲು ಬಂದಿದ್ದರು. ಬೇಡ ಅಂದೆ. ಅತ್ತೆ ಈಗ ಅಲ್ಲೇ ಬೆನ್ನು ಕೊಟ್ಟು ಕೂರುತ್ತಾರೆ.